ಪುಲಕಬಂಧ: ಬಾಣಭಟ್ಟನ ಒಂದು ವಸ್ತ್ರಶಬ್ದವನ್ನು ಕುರಿತ ವಿಚಾರ

ಹರ್ಷಚರಿತದ ಮೊದಲನೆಯ ಉಚ್ಛ್ವಾಸದಲ್ಲಿ ದಧೀಚನ ಕಡೆಯಿಂದ ಮಾಲತಿಯೆಂಬವಳು ಸರಸ್ವತಿಯಿದ್ದೆಡೆಗೆ ಬರುವ ಸಂದರ್ಭವುಂಟು. ಬಾಣಭಟ್ಟನು ಅವಳ ಉಡುಪನ್ನು ಬಹು ನಿಧಾನವಾಗಿ ವರ್ಣಿಸುತ್ತಾನೆ. ಹೊರಗೆ ತೊಟ್ಟುದು ನೇತ್ರವೆಂಬ ನವುರಾದ ಬಟ್ಟೆಯ ಬಿಳಿಯ ಕಂಚುಕ. ಅದು ಹಾವಿನ ಪೊರೆಗಿಂತಲೂ ಹಗುರ, ಹೆಜ್ಜೆಯವರೆಗೆ ಇಳಿಬಿದ್ದುದು. ಒಳಗೆ ಉಟ್ಟುದು ಕುಸುಂಭದ ಬಣ್ಣದಿಂದ ಕೆಂಪಾದ ಚಂಡಾತಕ, ಎಂದರೆ ತೊಡೆಯನ್ನು ಮುಚ್ಚುವ ಒಳ ಉಡುಪು. ಈ ಚಂಡಾತಕಕ್ಕೆ ಅವನು ಕೊಟ್ಟ ಇನ್ನೊಂದು ವಿಶೇಷಣವು ‘ಪುಲಕಬಂಧಚಿತ್ರ’ ಎಂಬುದು. ಹೊರಗಿನ ಬಿಳುಪನ್ನು ಹಾಯ್ದು ಒಳಗಿನ ಬಣ್ಣವು ತೋರುತ್ತಿದ್ದುದಕ್ಕೆ ಸ್ಫಟಿಕದ ನೆಲದೊಳಗಿನ ರತ್ನನಿಧಿಯನ್ನು ಉಪಮಾನವಾಗಿ ತಂದಿದ್ದಾನೆ. ಪ್ರಕೃತ ಲೇಖನದ ವಿಷಯವು ಆ ಒಂದು ಪದ.

ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಪುಲಕವೆಂದರೆ ರೋಮಾಂಚ, ಆದುದರಿಂದ ‘ನೋಡಿದವರಿಗೆ ರೋಮಾಂಚವನ್ನುಂಟುಮಾಡುವ ಕಟ್ಟಣೆಯಿಂದ ಚಿತ್ರವಾದುದು’ ಎಂದು ಅರ್ಥ ಹೇಳಿಸಿಕೊಂಡೆನು. ಅದನ್ನೇ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟೆನು. ಈ ಅರ್ಥದ ದೋಷವೇನೆಂದರೆ, ಇದನ್ನು ಕೇಳಿದವನಿಗೆ ಬಟ್ಟೆ ಕಾಣುವುದಿಲ್ಲ. ಬಾಣನಾದರೋ ವಸ್ತುವನ್ನು ಕಾಣಿಸದೆ ಬರಿಯ ಮಾತನ್ನು ಪೇರಿಸುವ ಕವಿಯಲ್ಲ. ವಾಸುದೇವಶರಣ ಅಗ್ರವಾಲರು 1953ರಲ್ಲಿ ಪ್ರಕಟವಾದ ತಮ್ಮ ಹಿಂದೀ ಗ್ರಂಥದಲ್ಲಿ, ಹರ್ಷಚರಿತದ ಸಾಂಸ್ಕೃತಿಕ ಅಧ್ಯಯನವನ್ನು ಮಾಡುತ್ತ, ಇದು ಗುಜರಾತ ರಾಜಸ್ಥಾನಗಳಲ್ಲಿ ಇಂದಿಗೂ ನಡೆದಿರುವ ಬಾಂಧಣಿಯ ಕೆಲಸವೆಂದು ಗುರುತಿಸಿದರು. ಅವರ ನಿರ್ಣಯವೇ ಸರಿಯೆಂಬುದು ನಮ್ಮ ಪಕ್ಷ. ಆದರೆ ಕಟ್ಟಿ ಬಣ್ಣವಿಕ್ಕಿದ ಬಟ್ಟೆಗೆ ‘ಪುಲಕ’ವೆಂಬ ಮಾತೇ ಏಕೆ ಒದಗಿತು, ಅದೇ ಶಬ್ದಕ್ಕಿರುವ ರತ್ನವೆಂಬ ಅರ್ಥವು ಇಲ್ಲಿ ಏಕೆ ಹೊಂದದು, ಬಾಣನ ಇತರ ವಾಕ್ಯಗಳಿಂದ ಇದಕ್ಕೆ ಬಲವುಂಟೋ ಎಂಬ ಮೂರು ಪ್ರಶ್ನೆಗಳನ್ನು ಎತ್ತಿಕೊಳ್ಳುವುದು ಆವಶ್ಯಕವಾಗಿದೆ.

ನಮ್ಮ ಕಡೆಯ ಉಪಾಧ್ಯಾಯರು ಈ ಪದದಲ್ಲಿ ಎಡವುವುದಕ್ಕೆ ಒಂದು ಕಾರಣವು ನಮ್ಮ ಸೀಮೆಯಲ್ಲಿಯೇ ಇದೆ. ರನ್ನ ಬೆಳಗಲಿಯ ಸುತ್ತಲಿನದು ಬಟ್ಟೆಯನ್ನು ಅರಿಯದ ನಾಡಲ್ಲ. ಇತ್ತ ರಬಕವಿ-ಬನಹಟ್ಟಿಗಳಲ್ಲಿ ಮಗ್ಗದ ಸದ್ದು ಕೇಳದ ಓಣಿಯು ವಿರಳ. ಅತ್ತ ಗುಳೇದಗುಡ್ಡದ ಖಣ, ಅದರಾಚೆ ಇಳಕಲ್ಲಿನ ಸೀರೆ. ಆದರೆ ಇಲ್ಲಿ ಚಿತ್ರವು ಹುಟ್ಟುವುದು ಮಗ್ಗದಲ್ಲಿ, ಬಣ್ಣದ ಬಾನಿಯಲ್ಲಿ ಅಲ್ಲ. ಇಳಕಲ್ಲಿನ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡನ್ನೂ ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸಿ ನೇಯುವುದು ಅಲ್ಲಿಯ ನೇಕಾರರ ಪ್ರಸಿದ್ಧವಾದ ಜಾಣ್ಮೆ. ತೋಪು ತೆನೆಯೆಂದು ಹೆಸರಾದ ಆ ಸೆರಗಿನಲ್ಲಿ ಮೂರು ಕೆಂಪಿನ ಭಾಗಗಳು, ಅವುಗಳ ನಡುವೆ ಎರಡು ಬಿಳಿಯ ಭಾಗಗಳು. ಗೋಮಿ, ಗಾಡಿ, ಚಿಕ್ಕಿ ಪರಾಸ ಮುಂತಾದ ದಡಿಗಳೂ ನೇಯ್ಗೆಯಿಂದಲೇ ಮೂಡತಕ್ಕವು. ಗುಳೇದಗುಡ್ಡದ ಖಣದ ಸಣ್ಣ ಚಿತ್ರಗಳೂ ಹಾಗೆಯೇ. (ಆ ಖಣದಿಂದ ಹೊಲಿಯುವ ಕುಬಸವು ಸಂಸ್ಕೃತದ ಕೂರ್ಪಾಸವೇ, ಬಾಣನ ಕಾಲದ ಮಾತು ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಉಳಿದಿರುವುದನ್ನು ನೋಡಿ ಸಂತೋಷಪಡಬೇಕು.) ಬಣ್ಣವಿಕ್ಕುವವನು ಇಲ್ಲಿ ನೂಲಿಗೆ ಬಣ್ಣವಿಕ್ಕಿ ನೇಕಾರನ ಕೈಗೆ ಕೊಟ್ಟುಬಿಡುವನು. ನೀಲಿಯ ಬಾನಿಯನ್ನು ಹದಗೊಳಿಸುವುದರಲ್ಲಿ ನಮ್ಮ ನೀಲಗಾರರು ನಿಪುಣರಾಗಿದ್ದರು. 1897ರಲ್ಲಿ ಜರ್ಮನಿಯ ಕೃತಕ ನೀಲಿಯು ಮಾರಾಟಕ್ಕೆ ಬಂದ ಮೇಲೆ ದೇಶದ ನೀಲಿಯ ವ್ಯವಹಾರವೇ ಕುಗ್ಗುತ್ತ ಬಂದಿತು. ಆ ನಿಪುಣರ ಕೆಲಸವೂ ಅಖಂಡವಾದ ಒಂದೇ ಬಣ್ಣವನ್ನು ಸಾಧಿಸುವುದಾಗಿತ್ತೇ ಹೊರತು ಬಣ್ಣದಲ್ಲಿ ಚಿತ್ರವನ್ನು ಬಿಡಿಸುವುದಾಗಿರಲಿಲ್ಲ.

ಇಲ್ಲಿರುವುದು ದೃಷ್ಟಿಯ ಭೇದ. ನೇಕಾರನಿಗೆ ಬಿಳುಪೆಂದರೆ ಬಿಳಿಯ ನೂಲು; ಅದನ್ನು ತಂದು ಸೇರಿಸಬೇಕು. ಕಟ್ಟಿ ಅದ್ದುವವನಿಗೆ ಬಿಳುಪೆಂದರೆ ಬಣ್ಣವು ಮುಟ್ಟದೆ ಬಿಟ್ಟ ಎಡೆ, ಅದನ್ನು ಕಾಪಾಡಬೇಕು. ಮೊದಲನೆಯದನ್ನೇ ದಿನವೂ ಕಾಣುವವನಿಗೆ ‘ಬಂಧ’ವೆಂದೊಡನೆ ನೇಯ್ಗೆಯ ಬಂಧವೇ ಹೊಳೆಯುವುದು. ನನಗೂ ಹಾಗೆಯೇ ಹೊಳೆದಿತ್ತು.

ಕೆಲವು ವರ್ಷಗಳ ಹಿಂದೆ ರಬಕವಿಯಲ್ಲಿ ಪರಿಚಿತರ ಮನೆಯ ಮದುವೆಗೆ ಹೋಗಿದ್ದೆನು. ಬೀಗರ ಕಡೆಯವರು ಗುಜರಾತದಿಂದ ತರಿಸಿದ ಒಂದು ಬಾಂಧಣಿಯ ಹೊದಿಕೆಯನ್ನು ತಂದಿದ್ದರು. ಅದು ಹಗ್ಗದಂತೆ ಮುದುರಿಕೊಂಡಿತ್ತು; ಮೈತುಂಬ ದಾರದ ಗಂಟುಗಳು. ಇದೇನು, ಇಸ್ತ್ರಿ ಮಾಡಿಸದ ಬಟ್ಟೆಯನ್ನು ಮದುವೆಗೆ ತರುವುದೇ ಎಂದು ಹಿರಿಯ ಹೆಂಗಸೊಬ್ಬರು ಆಕ್ಷೇಪಿಸಿದರು. ತಂದವರು ನಕ್ಕು, ಗಂಟು ಬಿಚ್ಚದೆ ಕೊಡುವುದೇ ಅಸಲಿನ ಗುರುತೆಂದು ಹೇಳಿ, ಇಬ್ಬರು ಎರಡು ತುದಿಗಳನ್ನು ಹಿಡಿದು ಅಡ್ಡಲಾಗಿ ಜಗ್ಗಿದರು. ಗಂಟುಗಳು ಪಟಪಟನೆ ಉದುರಿದುವು. ಕೆಂಪಿನ ನೆಲದಲ್ಲಿ ಬಿಳಿಯ ಚುಕ್ಕಿಗಳು ಕಣ್ದೆರೆದುವು. ಬಟ್ಟೆಯನ್ನು ನನ್ನ ತೊಡೆಯ ಮೇಲೆ ಹರಡಿ ಕೈಯಾಡಿಸಿದೆನು. ಒಂದೊಂದು ಚುಕ್ಕಿಯೂ ಮೊನೆಯಾಗಿ ಎದ್ದು ನಿಂತಿದ್ದಿತು. ಚಳಿಗೆ ಮೈಯ ಮೇಲೆ ಏಳುವ ಗುಳ್ಳೆಗಳು ಕೈಗೆ ಹೇಗೆ ತಾಕುವುವೋ ಹಾಗೆಯೇ ತಾಕಿತು. ಪುಲಕವು ನೋಡಿದವರ ಮೈಯಲ್ಲಿ ಏಳುವುದಲ್ಲ, ಬಟ್ಟೆಯ ಮೈಯಲ್ಲಿಯೇ ಎದ್ದಿರುವುದು ಎಂದು ಆಗ ತಿಳಿಯಿತು. ಬಟ್ಟೆಯನ್ನು ಉಗುರಿನ ತುದಿಯಿಂದ ಮೇಲೆತ್ತಿ, ಎತ್ತಿದ ಮೊನೆಗೆ ದಾರವನ್ನು ಬಿಗಿದು ಬಣ್ಣದಲ್ಲಿ ಅದ್ದುವರು. ದಾರದ ಒಳಗಿನ ಎಡೆಗೆ ಬಣ್ಣ ತಲುಪದು. ಒಣಗಿದ ಮೇಲೂ ಆ ಮೊನೆಯ ಮಡಿಕೆ ಬಹುಕಾಲ ಹೋಗದು. ಆದುದರಿಂದ ‘ಪುಲಕಬಂಧ’ವೆಂಬುದು ಕವಿಯು ಕಲ್ಪಿಸಿದ ಅಲಂಕಾರವಾಗಿರದೆ ಬಣ್ಣಗಾರರ ಕೇರಿಯ ಪರಿಭಾಷೆಯೇ ಆಗಿರಬೇಕೆಂದು ನಮ್ಮ ಊಹೆ.

ಇದಕ್ಕೆ ಗ್ರಂಥದೊಳಗಿನ ಆಧಾರವು ನಾಲ್ಕನೆಯ ಉಚ್ಛ್ವಾಸದಲ್ಲಿ ದೊರೆಯುತ್ತದೆ. ರಾಜ್ಯಶ್ರೀಯ ವಿವಾಹದ ಸಿದ್ಧತೆಯಲ್ಲಿ ಅರಮನೆಯೆಲ್ಲ ಬಟ್ಟೆಗಳಿಂದ ಮುಚ್ಚಿಹೋಗಿ ಸಾವಿರ ಕಾಮನಬಿಲ್ಲುಗಳಂತೆ ತೋರಿತೆಂದು ಬಾಣನು ಹೇಳುವನು. ಆ ದೀರ್ಘವಾಕ್ಯದಲ್ಲಿ ಬಟ್ಟೆಗಳಿಗೆ ಕೊಟ್ಟ ವಿಶೇಷಣಗಳನ್ನು ವ್ಯಾಕರಣದ ಕಣ್ಣಿನಿಂದ ನೋಡಬೇಕು. ಅವು ಜೋಡಿಜೋಡಿಯಾಗಿ ಬಂದಿವೆ. ಬಧ್ಯಮಾನ, ಬದ್ಧ, ರಜ್ಯಮಾನ, ರಕ್ತ, ಶೋಷ್ಯಮಾಣ, ಶುಷ್ಕ. ಪ್ರತಿಯೊಂದು ಜೋಡಿಯಲ್ಲಿಯೂ ಮೊದಲನೆಯದು ಕರ್ಮಣಿಪ್ರಯೋಗದ ವರ್ತಮಾನ ಕೃದಂತ, ಎರಡನೆಯದು ಭೂತ ಕೃದಂತ. ಎಂದರೆ ಕೆಲವನ್ನು ಕಟ್ಟುತ್ತಿರುವರು, ಕೆಲವು ಕಟ್ಟಿ ಮುಗಿದಿವೆ. ಕೆಲವಕ್ಕೆ ಬಣ್ಣವಿಕ್ಕುತ್ತಿರುವರು, ಕೆಲವು ಬಣ್ಣಗೊಂಡಿವೆ. ಕೆಲವನ್ನು ನೆರಳಿನಲ್ಲಿ ಒಣಗಿಸುತ್ತಿರುವರು, ಕೆಲವು ಒಣಗಿವೆ. ಕಟ್ಟುವುದು ಮೊದಲು, ಬಣ್ಣ ಆಮೇಲೆ, ಒಣಗುವುದು ಕೊನೆಗೆ. ಇಲ್ಲಿಯ ‘ಬಂಧ’ವು ತೋರಣವಾಗಿ ಕಟ್ಟುವುದು ಅಥವಾ ಗಂಟುಮೂಟೆ ಕಟ್ಟುವುದು ಆಗಿದ್ದರೆ ಅದು ಒಣಗಿದ ಮೇಲೆ ಬರಬೇಕಾಗಿತ್ತು. ಬಣ್ಣಕ್ಕೆ ಮುಂಚೆ ಕಟ್ಟುವುದರಿಂದ ಪ್ರಯೋಜನವಿರುವುದು ಕಟ್ಟಿ ಅದ್ದುವ ಕೆಲಸದಲ್ಲಿ ಮಾತ್ರ. ವಾಕ್ಯದ ಕ್ರಮವೇ ಕೆಲಸದ ಕ್ರಮ. ಶ್ಲೇಷದ ಬಲೆಯನ್ನು ನೇಯುವ ಕವಿಯೆಂದು ನಾವು ಬಾಣನಿಗೆ ಹೆದರುವೆವಲ್ಲದೆ, ಅವನು ಬಣ್ಣಗಾರನ ಬಳಿ ನಿಂತು ನೋಡಿದ್ದನೆಂಬುದನ್ನು ಮರೆಯುವೆವು.

ಕಟ್ಟುವವರು ಯಾರು? ಬಗೆಬಗೆಯ ‘ಭಕ್ತಿ’ಗಳನ್ನು ನಿರ್ಮಿಸುವುದರಲ್ಲಿ ನಿಪುಣರಾದ ಊರಿನ ವೃದ್ಧ ಮುತ್ತೈದೆಯರು. ಇಲ್ಲಿ ಭಕ್ತಿಯೆಂದರೆ ದೇವರ ಮೇಲಿನದಲ್ಲ. ಭಾಗಿಸುವುದು ಎಂಬ ಮೂಲದಿಂದ ಬಂದ ರೇಖಾವಿನ್ಯಾಸ. ಕಾಳಿದಾಸನು ಮೇಘದೂತದಲ್ಲಿ ಆನೆಯ ಮೈಮೇಲಿನ ಭೂತಿಯ ಗೆರೆಗಳಿಗೆ ಇದೇ ಶಬ್ದವನ್ನು ಬಳಸಿದ್ದಾನೆ. ಒಮ್ಮೆ ಒಬ್ಬ ವಿದ್ಯಾರ್ಥಿಯು ಈ ಮುದುಕಿಯರನ್ನು ‘ನಾನಾವಿಧ ಭಕ್ತಿಯುಳ್ಳ ಪುರಂಧ್ರಿಯರು’ ಎಂದು ಅನುವಾದಿಸಿ ಅವರನ್ನು ಭಜನೆಗೆ ಕೂರಿಸಿದ್ದನು. ಇನ್ನು ಬಣ್ಣವಿಕ್ಕುವವರು ರಜಕರು. ಕೋಶಗಳಲ್ಲಿ ರಜಕನು ಅಗಸನೆಂದಿದ್ದರೂ ಧಾತುವು ಬಣ್ಣವಿಕ್ಕುವುದೆಂಬ ಅರ್ಥದ ರಂಜ್. ನರ್ತಕ, ಖನಕ ಎಂಬ ಶಬ್ದಗಳೊಡನೆ ರಜಕ ಶಬ್ದವನ್ನೂ ವೈಯಾಕರಣರು ಶಿಲ್ಪಿಯೆಂಬ ಅರ್ಥದಲ್ಲಿಯೇ ಸಾಧಿಸಿದ್ದಾರೆ. ಪಾಣಿನಿಯು ನಾಲ್ಕನೆಯ ಅಧ್ಯಾಯದ ಎರಡನೆಯ ಪಾದವನ್ನು ತೆರೆಯುವುದೇ ಬಣ್ಣವಿಕ್ಕಿದ ವಸ್ತುವಿಗೆ ಬಣ್ಣದ ಹೆಸರಿನಿಂದ ಪ್ರತ್ಯಯವನ್ನು ವಿಧಿಸುವ ಮೂಲಕ. ಮಾಂಜಿಷ್ಠ, ಕೌಸುಂಭಾದಿಗಳು ಹಾಗೆ ಸಿದ್ಧಿಸುವುವು. ಹೆಂಗಸರು ಕಟ್ಟುವುದು, ಶಿಲ್ಪಿಯಾದವನು ಅದ್ದುವುದು ಎಂಬ ಈ ವಿಭಾಗವು ಕಚ್ಛದಲ್ಲಿ ಇಂದೂ ಬಹುಮಟ್ಟಿಗೆ ಹಾಗೆಯೇ ಇದೆ. ಅಲ್ಲಿ ಕಟ್ಟುವುದು ಮನೆಮನೆಯ ಹೆಂಗಸರ ಕೆಲಸ, ಬಾನಿಯು ಖತ್ರಿಗಳದು.

ಈಗ ಪ್ರತಿಪಕ್ಷವನ್ನು ಕೇಳೋಣ. ಪುಲಕವೆಂಬುದು ಒಂದು ರತ್ನದ ಹೆಸರೂ ಅಹುದು. ವರಾಹಮಿಹಿರನ ಬೃಹತ್ಸಂಹಿತೆಯ ರತ್ನಗಳ ಪಟ್ಟಿಯಲ್ಲಿ ಅದಿದೆ. ಗರುಡಪುರಾಣದಲ್ಲಿ ಪುಲಕಪರೀಕ್ಷೆಗೆ ಪ್ರತ್ಯೇಕವಾದ ಅಧ್ಯಾಯವೇ ಇದೆ. ಹಾಗಾದರೆ ಪುಲಕರತ್ನಗಳನ್ನು ಕೂಡಿಸಿ ಹೊಲಿದ ಚಂಡಾತಕವೆಂದು ಏಕೆ ಹೇಳಬಾರದು? ಮುಂದೆ ರತ್ನನಿಧಿಯ ಉಪಮೆಯೂ ಇದೆಯಲ್ಲ? ಈ ಪಕ್ಷವು ಮೇಲುನೋಟಕ್ಕೆ ಬಲವಾಗಿಯೇ ತೋರುವುದು. ಆದರೆ ಆ ಉಪಮೆಯೇ ಇದನ್ನು ಕೆಡಹುತ್ತದೆ. ಚಂಡಾತಕದಲ್ಲಿ ನಿಜವಾಗಿಯೂ ರತ್ನಗಳಿದ್ದರೆ ರತ್ನಗಳುಳ್ಳುದನ್ನು ರತ್ನಗಳುಳ್ಳುದಕ್ಕೆ ಹೋಲಿಸಿದಂತಾಯಿತು. ಉಪಮಾನೋಪಮೇಯಗಳಿಗೆ ಭೇದವಿಲ್ಲದ ಕಡೆ ಚಮತ್ಕಾರವೇನು ಬಂತು? ಕೆಂಪಿನ ನೆಲದಲ್ಲಿ ಹೊಳೆಯುವ ಚುಕ್ಕಿಗಳು ಬಿಳಿಯ ಕಂಚುಕದ ಮರೆಯಲ್ಲಿ ಮಿನುಗಿ, ರತ್ನವಲ್ಲದೆ ಇದ್ದರೂ ರತ್ನದಂತೆ ಕಂಡುವೆಂದರೆ ಮಾತ್ರ ಉಪಮೆಗೆ ಜೀವ ಬರುತ್ತದೆ. ರತ್ನವಾಚಕವಾದ ಪುಲಕಶಬ್ದವು ಓದುವವನ ಮನಸ್ಸಿನಲ್ಲಿ ಸುಳಿದು ಮುಂದಿನ ಉಪಮೆಗೆ ದಾರಿಮಾಡಿಕೊಡಲೆಂದು ಬಾಣನು ಬಯಸಿದ್ದರೆ ಅದು ಅವನ ಸ್ವಭಾವಕ್ಕೆ ಒಪ್ಪುವುದೇ.

ಕುಸುಂಭವನ್ನು ಕುರಿತು ಎರಡು ಮಾತು ಹೇಳಬೇಕು. ಇದು ಬೇರೆ ಯಾವುದೂ ಅಲ್ಲ, ನಮ್ಮ ಹೊಲಗಳ ಕುಸುಬಿಯೇ. ಹಿಂಗಾರಿಯ ಜೋಳದ ಸುತ್ತ ಮುಳ್ಳಿನ ಬೇಲಿಯಂತೆ ಬಿತ್ತಿ, ಬೀಜದಿಂದ ಎಣ್ಣೆ ತೆಗೆಯುವೆವು. ಎಸಳು ಉದುರಿ ಮಣ್ಣಾಗುವುದು. ಆ ಎಸಳಿನಲ್ಲಿ ಎರಡು ಬಣ್ಣಗಳುಂಟು. ಹಳದಿಯು ನೀರಿನಲ್ಲಿ ಕರಗಿ ಹೋಗುವುದು. ಅದನ್ನು ತೊಳೆದು ತೆಗೆದ ಮೇಲೆ ಕ್ಷಾರದ ನೀರಿನಲ್ಲಿ ಕೆಂಪು ಬಿಡುವುದು; ಹುಳಿಯನ್ನು ಬೆರೆಸಿದರೆ ಅದು ಬಟ್ಟೆಗೆ ಹತ್ತುವುದು. ಕುದಿಸುವ ಕೆಲಸವಿಲ್ಲ, ತಣ್ಣಗಿನ ಬಾನಿಯೇ ಸಾಕು. ಈ ಕೆಂಪು ಬಹಳ ಉಜ್ಜ್ವಲ, ಆದರೆ ಬಿಸಿಲಿಗೂ ಕ್ಷಾರಕ್ಕೂ ನಿಲ್ಲದು. ಆಲಂಕಾರಿಕರು ಇದನ್ನು ಚೆನ್ನಾಗಿ ಬಲ್ಲರು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಪೂರ್ವರಾಗವನ್ನು ನೀಲೀರಾಗ, ಕುಸುಂಭರಾಗ, ಮಂಜಿಷ್ಠಾರಾಗ ಎಂದು ಮೂರಾಗಿ ವಿಂಗಡಿಸಿದ್ದಾನೆ. ಅತಿಯಾಗಿ ಶೋಭಿಸದಿದ್ದರೂ ಬಿಟ್ಟುಹೋಗದ ಪ್ರೇಮವು ನೀಲಿ. ಶೋಭಿಸಿದರೂ ಬಿಟ್ಟುಹೋಗುವುದು ಕುಸುಂಭ. ಶೋಭಿಸಿ ನಿಲ್ಲುವುದು ಮಂಜಿಷ್ಠ. ನಾವು ಇದನ್ನು ಪ್ರೇಮದ ಶಾಸ್ತ್ರವೆಂದು ಬಾಯಿಪಾಠ ಮಾಡಿಸುವೆವು. ಇದು ಮೊದಲು ಬಣ್ಣಗಾರನ ಅನುಭವ. ಮಾಲತಿಯ ಕೌಸುಂಭವು ಬಿಸಿಲಿಗೆ ಒಡ್ಡದೆ ಕಂಚುಕದ ಒಳಗಿದ್ದುದು ಈ ದೃಷ್ಟಿಯಿಂದಲೂ ಯುಕ್ತವಾಗಿದೆ.

ಅವಳ ಉಡುಪು ಸೆಕೆಗೆ ಒಪ್ಪುವ ಉಡುಪೆಂಬುದನ್ನೂ ಗಮನಿಸಬೇಕು. ತೆಳ್ಳನೆಯ ಕಂಚುಕದೊಳಗಿಂದ ಒಣಗಿದ ಚಂದನದ ಬಿಳುಪುಳ್ಳ ಅವಯವಗಳು ತೋರುತ್ತಿದ್ದುವೆಂದು ಬಾಣನು ಹೇಳಿದ್ದಾನೆ. ಋತುಸಂಹಾರದ ಗ್ರೀಷ್ಮದಲ್ಲಿ ಹೆಂಗಸರು ದಪ್ಪ ಬಟ್ಟೆಗಳನ್ನು ತೊರೆದು ತೆಳುವಾದ ಅಂಶುಕವನ್ನು ತಾಳುವರು. ಕುಸುಂಭದ ಕೆಂಪು ಅಲ್ಲಿ ವಸಂತದ ಉಡುಪಿಗೆ ಬಂದಿದೆ. ನಮ್ಮ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದ ಮೂರನೆಯ ವಿಂಶತಿಯಲ್ಲಿ ವಸ್ತ್ರೋಪಭೋಗಕ್ಕೆ ಪ್ರತ್ಯೇಕವಾದ ಪ್ರಕರಣವನ್ನಿಟ್ಟು, ಋತುವಿಗೆ ತಕ್ಕ ಬಟ್ಟೆ ಯಾವುದೆಂದು ಅರಸನ ನಿತ್ಯವಿಧಿಯಂತೆ ನಿರೂಪಿಸಿದ್ದಾನೆ. ಇದೆಲ್ಲಕ್ಕೂ ವಿರುದ್ಧವಾಗಿ ತೋರುವ ಸಾಕ್ಷಿಯೊಂದುಂಟು. ಹರ್ಷನ ಕಾಲದಲ್ಲಿ ಈ ದೇಶವನ್ನು ಸುತ್ತಿ, ಪುಲಕೇಶಿಯ ರಾಜ್ಯವನ್ನೂ ಕಂಡು ಹೋದ ಹ್ಯೂಯೆನ್‌ತ್ಸಾಂಗನು, ಇಲ್ಲಿಯ ಜನರು ಶುಭ್ರವಾದ ಬಿಳುಪನ್ನು ಮೆಚ್ಚುವರು, ಬಣ್ಣಬಣ್ಣದ ಬಟ್ಟೆಗೆ ಅಷ್ಟು ಬೆಲೆ ಕೊಡರು ಎಂದು ಬರೆದಿದ್ದಾನೆ. ಬಾಣನೋ ಸಾವಿರ ಕಾಮನಬಿಲ್ಲುಗಳನ್ನು ಕಂಡವನು. ಇಬ್ಬರೂ ಒಂದೇ ಆಸ್ಥಾನವನ್ನು ಬಲ್ಲವರು. ಮಾಲತಿಯ ಉಡುಪನ್ನು ನೋಡಿದರೆ ವಿರೋಧವು ತಾನೇ ಪರಿಹಾರವಾಗುವುದು: ಬೀದಿಗೆ ತೋರುವುದು ಬಿಳುಪು, ಬಣ್ಣವು ಒಳಗೆ. ಮದುವೆಯ ಮನೆಯೊಳಗೆ ಹೊಕ್ಕ ಕವಿಯು ಕಂಡುದನ್ನು ಬೀದಿಯಲ್ಲಿ ನಡೆದ ಭಿಕ್ಷುವು ಕಾಣದಿದ್ದರೆ ಆಶ್ಚರ್ಯವೇನು? (ಪುಲಕೇಶಿಯ ಹೆಸರಿಗೂ ನಮ್ಮ ಪುಲಕಕ್ಕೂ ನಂಟು ಕಲ್ಪಿಸುವ ಸಾಹಸಕ್ಕೆ ನಾವು ಕೈಹಾಕುವುದಿಲ್ಲ.)

ಶಬ್ದದಿಂದಲೂ ವಾಕ್ಯದಿಂದಲೂ ಇಷ್ಟು ದೊರೆಯಿತು. ಬಾಣನ ಕಾಲದ ಬಟ್ಟೆಯನ್ನೇ ಕೈಯಲ್ಲಿ ಹಿಡಿದು ಪರೀಕ್ಷಿಸೋಣವೆಂದರೆ ನಮ್ಮ ಮಳೆ ಬಿಸಿಲುಗಳಲ್ಲಿ ಬಟ್ಟೆ ಬಾಳುವುದಿಲ್ಲ. ಮಧ್ಯಯುಗದ ಗುಜರಾತದ ಅರಿವೆಗಳೂ, ನಮ್ಮ ಮಣ್ಣಿನಲ್ಲಿ ಉಳಿಯದೆ, ಈಜಿಪ್ತದ ಫುಸ್ತಾತಿನ ಒಣಮಣ್ಣಿನಲ್ಲಿ ಸಿಕ್ಕಿವೆ. ಅಜಂತೆಯ ಒಂದನೆಯ ಗುಹೆಯ ಚಿತ್ರಗಳಲ್ಲಿ ಕಟ್ಟಿ ಬಣ್ಣವಿಕ್ಕಿದ ಉಡುಪನ್ನು ವಿದ್ವಾಂಸರು ಗುರುತಿಸಿದ್ದಾರೆ. ಆದರೆ ಗೋಡೆಯ ಮೇಲಿನ ಚುಕ್ಕಿಯನ್ನು ಮುಟ್ಟಿ ನೋಡಿದರೆ ಸುಣ್ಣವೇ ತಾಕುವುದು, ಪುಲಕವಲ್ಲ. ಆದುದರಿಂದ ಹಳೆಯ ಬಟ್ಟೆಯು ಉಳಿದಿರುವ ಒಂದು ದೇಶದ ಕಡೆಗೆ ತಿರುಗಬೇಕಾಗಿದೆ. ಅದು ಜಪಾನು.

ನಾರಾ ನಗರದ ತೋದೈಜಿ ವಿಹಾರಕ್ಕೆ ಸೇರಿದ್ದ ಶೋಸೋಇನ್ ಎಂಬ ಮರದ ಭಂಡಾರದಲ್ಲಿ, 756ರಲ್ಲಿ ಶೋಮು ಚಕ್ರವರ್ತಿಯ ಮರಣಾನಂತರ ಅವನ ರಾಣಿಯು ಒಪ್ಪಿಸಿದ ವಸ್ತುಗಳು ಮೊದಲಾಗಿ, ಎಂಟನೆಯ ಶತಮಾನದ ಬಟ್ಟೆಗಳು ಇಂದಿಗೂ ಇವೆ. ಬಾಣನಿಗಿಂತ ನೂರು ವರ್ಷಗಳಷ್ಟು ಈಚಿನವು. ಅವುಗಳಲ್ಲಿ ಬಣ್ಣವನ್ನು ತಡೆದು ಚಿತ್ರ ಬಿಡಿಸಿದವು ಮೂರು ಬಗೆ: ಕಟ್ಟಿ ಅದ್ದಿದ ಕೋಕೆಚಿ, ಮೇಣವನ್ನು ಹಚ್ಚಿ ಅದ್ದಿದ ರೋಕೆಚಿ, ಕೆತ್ತಿದ ಹಲಗೆಗಳ ನಡುವೆ ಬಿಗಿದು ಅದ್ದಿದ ಕ್ಯೋಕೆಚಿ. 752ರಲ್ಲಿ ತೋದೈಜಿಯ ಮಹಾಬುದ್ಧಮೂರ್ತಿಗೆ ನೇತ್ರೋನ್ಮೀಲನವನ್ನು ಮಾಡಿದವನು ಭಾರತದಿಂದ ಹೋದ ಬೋಧಿಸೇನನೆಂಬ ಭಿಕ್ಷು. ಅವನ ಕುಂಚಕ್ಕೆ ನೀಲಿಯ ಉದ್ದನೆಯ ರೇಷ್ಮೆಯ ಹುರಿಯನ್ನು ಕಟ್ಟಿ, ನೆರೆದವರು ಅದನ್ನು ಹಿಡಿದು ಆ ಪುಣ್ಯದಲ್ಲಿ ಪಾಲುಗೊಂಡರು. ಆ ಹುರಿಯೂ ಆ ಭಂಡಾರದಲ್ಲಿಯೇ ಇದೆ. ಇಷ್ಟರಿಂದ ಜಪಾನೀಯರು ಈ ವಿದ್ಯೆಯನ್ನು ನಮ್ಮಿಂದ ಕಲಿತರೆಂದು ಡಂಗುರ ಹೊಡೆಯುವುದು ಬೇಡ. ಅವರಿಗೆ ಚೀನ ದೇಶವು ಹತ್ತಿರ. ಈ ಮೂರು ಹೆಸರುಗಳೂ ಚೀನೀ ಅಕ್ಷರಗಳಲ್ಲಿಯೇ ಬರೆಯಲ್ಪಡುವುವು. ನಮಗೆ ಬೇಕಾದುದು ವಂಶಾವಳಿಯಲ್ಲ, ಹೋಲಿಕೆ.

ಆ ಹೋಲಿಕೆಯು ಅವರ ಮುಂದಿನ ಕಾಲದ ಬಟ್ಟೆಯಲ್ಲಿ ಚೆನ್ನಾಗಿ ಸಿಗುತ್ತದೆ. ಅವರು ಚುಕ್ಕಿಚುಕ್ಕಿಯಾಗಿ ಕಟ್ಟಿ ಅದ್ದಿದುದನ್ನು ‘ಕನೋಕೊ’ ಎನ್ನುವರು. ಜಿಂಕೆಯ ಮರಿಯೆಂದು ಅದರ ಅರ್ಥ. ಅವರ ಹೆಸರು ಕಣ್ಣಿಗೆ ಕಂಡ ಚುಕ್ಕಿಯಿಂದ ಬಂದಿತು. ಬಾಣನ ಹೆಸರು ಕೈಗೆ ತಾಕಿದ ಮೊನೆಯಿಂದ. ಆದರೂ ಆ ಮೊನೆಗಳು ಅಲ್ಲಿಯೂ ಮಾನ್ಯವೇ. ಅವನ್ನು ಇಸ್ತ್ರಿಯಿಂದ ಅಳಿಸದೆ ಉಳಿಸಿಕೊಳ್ಳುವುದೇ ಅವರ ರೂಢಿ. ಎದೋ ನಗರದಿಂದ ಕ್ಯೋತೋ ನಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ನಗೋಯಾದ ಬಳಿ, 1608ರಲ್ಲಿ ನೆಲೆಗೊಂಡ ಅರಿಮತ್ಸು ಎಂಬ ಊರು ಹತ್ತಿಯ ಬಟ್ಟೆಯನ್ನು ಕಟ್ಟಿ ನೀಲಿಯಲ್ಲಿ ಅದ್ದಿ ದಾರಿಹೋಕರಿಗೆ ಮಾರುತ್ತ ಹೆಸರಾಯಿತು. ಅಲ್ಲಿಯೂ ಕಟ್ಟುವವರು ಮನೆಯ ಹೆಂಗಸರೇ. ಆ ಬಟ್ಟೆಯಿಂದ ಮಾಡುವ ಬೇಸಗೆಯ ಉಡುಪು ಯುಕಾತ. ಸ್ನಾನದ ವೇಳೆಗೆ ತೊಡುತ್ತಿದ್ದ ನಾರುಬಟ್ಟೆಯ ಹೆಸರು ಮೊಟಕಾಗಿ ಹತ್ತಿಯ ಉಡುಪಿಗೆ ನಿಂತುದು. ಮೊನೆಯೆದ್ದ ಬಟ್ಟೆಯು ಬೆವರಿದ ಮೈಗೆ ಅಂಟಿಕೊಳ್ಳದೆ ನಡುವೆ ಗಾಳಿಗೆ ಎಡೆಗೊಡುವುದೆಂಬುದು ಅದನ್ನು ತೊಡುವವರ ಅನುಭವ. ಬಟ್ಟೆಯ ಪುಲಕವು ಅಂದಕ್ಕೆ ಮಾತ್ರವಲ್ಲ, ಸೆಕೆಗೂ ಒದಗುವುದೆಂದಾಯಿತು. ಮಾಲತಿಯ ಚಂಡಾತಕವನ್ನು ಓದುವಾಗ ಇದನ್ನು ನೆನೆದರೆ ತಪ್ಪಿಲ್ಲ.

ಕನ್ನಡನಾಡಿನಲ್ಲಿ ಈ ಜಾತಿಯ ಕೆಲಸವೇ ಇಲ್ಲವೆಂದು ಯಾರೂ ತಿಳಿಯಬಾರದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆಯ ಸೀರೆಗಳಲ್ಲಿ ನೂಲನ್ನೇ ಕಟ್ಟಿ ಅದ್ದಿ ಆಮೇಲೆ ನೇಯುವುದುಂಟು. ಅಲ್ಲಿ ಬಂಧವು ಎಳೆಯಲ್ಲಿಯೇ ಮುಗಿಯುವುದರಿಂದ ಚಿತ್ರದ ಅಂಚು ಸ್ವಲ್ಪ ಕದಡಿದಂತೆ ಕಾಣುವುದು, ಬಟ್ಟೆಯಲ್ಲಿ ಮೊನೆ ಏಳುವುದಿಲ್ಲ. ಗುಜರಾತದಿಂದ ವಲಸೆ ಹೋದ ಸೌರಾಷ್ಟ್ರರು ಮಧುರೆಯಲ್ಲಿ ಮಾಡುವ ಸುಂಗುಡಿಯ ಹತ್ತಿಸೀರೆಯಾದರೋ ಬಾಣನ ಬಟ್ಟೆಯ ನಿಜವಾದ ಬಳಗ. ತೆಂಕಣದ ಕನ್ನಡ ಮನೆಗಳಲ್ಲಿ ಬೇಸಗೆಗೆ ಅದನ್ನು ಉಡುವ ವಾಡಿಕೆಯಿರುವುದರಿಂದ ಅಲ್ಲಿಯ ಉಪಾಧ್ಯಾಯರಿಗೆ ಈ ಪಾಠವು ನಮಗಿಂತ ಸುಲಭವಾದೀತು.

ಹರ್ಷಚರಿತವನ್ನು ಪಾಠ ಹೇಳುವವರು ತಮ್ಮ ಟಿಪ್ಪಣಿಯಲ್ಲಿ ‘ಭಕ್ತಿ’ಯ ಎದುರಿಗೆ ರೇಖಾವಿನ್ಯಾಸವೆಂದೂ, ಈ ಪ್ರಕರಣದ ‘ರಜಕ’ನ ಎದುರಿಗೆ ಬಣ್ಣಗಾರನೆಂದೂ, ‘ಪುಲಕಬಂಧ’ದ ಎದುರಿಗೆ ಮೊನೆಯೆತ್ತಿ ದಾರದಿಂದ ಬಿಗಿದು ಬಣ್ಣವಿಕ್ಕಿದುದೆಂದೂ ಬರೆದುಕೊಳ್ಳಬೇಕೆಂದು ವಿಜ್ಞಾಪಿಸುತ್ತೇನೆ. ಬಳೆಗಾರರ ಕುಲದಲ್ಲಿ ಹುಟ್ಟಿದೆನೆಂದು ಮರೆಮಾಚದೆ ಹೇಳಿಕೊಂಡ ರನ್ನನ ಊರಿನಲ್ಲಿ ಕುಳಿತವನಿಗೆ ಕಸುಬಿನವರಿಂದ ಅರ್ಥ ಕಲಿತೆನೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ರಬಕವಿಯ ಆ ಹೊದಿಕೆಯ ಒಂದು ಮೂಲೆಯಲ್ಲಿ ಏಳೆಂಟು ಗಂಟುಗಳು ಉದುರದೆ ಉಳಿದಿದ್ದುವು. ಅವನ್ನು ಬಿಚ್ಚದಿರಿ ಎಂದು ಮನೆಯವರಲ್ಲಿ ಬೇಡಿಕೊಂಡೆನು. ಮಾಲತಿಯ ಪಾಠ ಬರುವ ದಿನ ಆ ಹೊದಿಕೆಯನ್ನು ತರಿಸಿ ಒಬ್ಬೊಬ್ಬ ವಿದ್ಯಾರ್ಥಿಯ ಕೈಗೂ ಕೊಡುತ್ತೇನೆ. ಪುಸ್ತಕವನ್ನು ಆಮೇಲೆ ತೆರೆಯುತ್ತೇವೆ.